ಕಡೇ ಸಾಲಿನ ಕಿವಿ

ಅವರು ಮೈಕಿನ ಮುಂದೆ ನಿಂತು ಒಂದು ದಿನವೂ ‘ಹಲೋ’ ಎಂದವರಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೀಗೊಂಚಲನ್ನು ಬಿಚ್ಚಿ, ಹತ್ತಿರದಲ್ಲಿ ಯಾರಿದ್ದರೆ ಅವರ ಕೈಗೆ ಕೊಟ್ಟು, ‘ಇದನ್ನ ಮೈಕಿನ ಮುಂದೆ ಅಲ್ಲಾಡುಸ್ತಿರಿ ಸಾ, ನಾನು ಕೈಯೆತ್ತೋಗಂಟ ನಿಲ್ಲುಸ್ಬ್ಯಾಡಿ’ ಎಂದು ಹೇಳಿ ಹೊರಟುಬಿಡುತ್ತಿದ್ದರು. ಮುಂದಿನ ಸಾಲಿನ ಗಣ್ಯರನ್ನು ದಾಟಿ, ನಡುವಿನ ಗಂಡಸರನ್ನು ದಾಟಿ, ನೆಲದ ಮೇಲೆ ಕೂತ ಹೆಂಗಸರ ಕಡೇ ಸಾಲಿನ ಹಿಂದೆ ಹೋಗಿ ನಿಂತು, ತಲೆ ಓರೆ ಮಾಡಿ ಕೇಳುತ್ತಿದ್ದರು.

ನುಗ್ಗೇಹಳ್ಳಿಯ ಶಾಲಾ ವಾರ್ಷಿಕೋತ್ಸವದಲ್ಲಿ ಆ ಕೀಗೊಂಚಲು ಮೊದಲ ಸಲ ನನ್ನ ಕೈಗೆ ಬಂತು. ನಾನು ಆಗ ಅಲ್ಲಿ ಕನ್ನಡ ಮೇಷ್ಟ್ರು, ಸಮಾರಂಭದ ನಿರೂಪಣೆ ನನ್ನದು. ಶಾಸಕರು ಬರುವ ಹೊತ್ತಾಗಿದೆ, ನಾನು ವೇದಿಕೆಯ ಮೇಲೆ ಗಿಲಕಿ ಆಡಿಸುವವನ ಹಾಗೆ ಕೀ ಅಲ್ಲಾಡಿಸುತ್ತ ನಿಂತಿದ್ದೇನೆ, ಮಕ್ಕಳು ನಗುತ್ತಿದ್ದಾರೆ. ಆ ಮನುಷ್ಯ ದೂರದಲ್ಲಿ ಒಬ್ಬ ಮುದುಕಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಏನೋ ಕೇಳುತ್ತಿದ್ದಾರೆ. ಆಮೇಲೆ ಗೊತ್ತಾಯಿತು, ‘ಕೀ ಸದ್ದು ಕೇಳ್ತದಾ ಅವ್ವಾ?’ ಎಂದು ವಿಚಾರಿಸುತ್ತಿದ್ದರಂತೆ. ಅವಳು ‘ಹೂಂ ಕಣಪ್ಪ, ಯಾರೋ ಬೀಗ ತಗೀತಾವ್ರೆ’ ಅಂದಳಂತೆ. ಅಲ್ಲಿಗೆ ಕೈ ಮೇಲಕ್ಕೆ ಹೋಯಿತು.

‘ಹಲೋ ಅಂದ್ರೆ ಸಾಲದಾ?’ ಎಂದು ಕೇಳಿದೆ.

‘ಗಂಟ್ಲು ಯಾವ ಮೈಕಲ್ಲಾದ್ರೂ ಬತ್ತದೆ ಮೇಷ್ಟ್ರೇ. ಕೀ ಸದ್ದು ಬತ್ತದಾ ನೋಡ್ಬೇಕು. ಸಣ್ಣದು ಬಂದ್ರೆ ದೊಡ್ಡದು ತಾನಾಗೇ ಬತ್ತದೆ. ಮುಂದ್ಗಡೆ ಕುಂತೋರಿಗೆ ಮೈಕೇ ಬ್ಯಾಡ. ಇದೆಲ್ಲ ಇಂದ್ಗಡೆ ಕುಂತಿರೋ ಅವ್ವಂಗೆ.’

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಮೈಕ್‌ಸೆಟ್ ಇಟ್ಟವರೆಲ್ಲ ಹಾರನ್ನಿನ ಬಾಯಿಯ ಸುತ್ತ ತಮ್ಮ ಹೆಸರು, ಊರು, ಫೋನ್ ನಂಬರು ಬರೆಸುತ್ತಾರೆ. ಇವರ ಹಾರನ್‌ಗಳ ಮೇಲೆ ಒಂದರಿಂದ ಎಂಟರವರೆಗೆ ಅಂಕಿ ಮಾತ್ರ ಇತ್ತು. ‘ಅದು ಇರೋದು ಕೇಳೋಕೆ, ಓದೋಕಲ್ಲ’ ಅನ್ನುತ್ತಿದ್ದರು. ಚನ್ನರಾಯಪಟ್ಟಣದಲ್ಲಿ ಎಲ್ಲರೂ ಅವರನ್ನು ಸೌಂಡಣ್ಣ ಎಂದೇ ಕರೆಯುತ್ತಿದ್ದರು. ನನಗೂ ಅದೇ ಸಾಕು.

ನಾನು ಮಾತು ಕಲಿತದ್ದು ನನ್ನ ಅಜ್ಜಿಯಿಂದ. ಅಜ್ಜಿ ಶುರು ಮಾಡಿದರೆ ಹಸುವಿನ ಹಾಲು ಕರೆಯುವ ಹೊತ್ತಾದರೂ ನಿಲ್ಲಿಸುತ್ತಿರಲಿಲ್ಲ. ಅವಳ ಮೊಮ್ಮಗ ನಾನು. ಕಟ್ಟಾಯದಲ್ಲಿ ಹೆಡ್‌ಮಾಸ್ತರರೊಬ್ಬರ ಬೀಳ್ಕೊಡುಗೆಯ ದಿನ ಅವರ ಗುಣಗಾನಕ್ಕೆ ನಿಂತವನು ಅರ್ಧ ಗಂಟೆ ದಾಟಿದ್ದೆ. ಇದ್ದಕ್ಕಿದ್ದ ಹಾಗೆ ನನ್ನ ದನಿ ನನಗೇ ಕ್ಷೀಣವಾಗಿ ಕೇಳತೊಡಗಿತು. ಗಂಟಲು ಒಣಗಿತೆಂದು ನೀರು ಕುಡಿದೆ. ಇನ್ನೂ ಕ್ಷೀಣವಾಯಿತು. ಗಾಬರಿಯಾಗಿ ಮುಗಿಸಿ ಕೂತೆ. ಚಪ್ಪಾಳೆ ಮಾತ್ರ ಜೋರಾಗಿ ಬಂತು. ಇಳಿದು ಬಂದಾಗ ಸೌಂಡಣ್ಣ ಆಂಪ್ಲಿಫೈಯರಿನ ತಿರುಪನ್ನು ಬಟ್ಟೆಯಿಂದ ಒರೆಸುತ್ತ ಕೂತಿದ್ದರು.

‘ನೀವೇ ಇಳಿಸಿದ್ರಾ?’

‘ಇಂದ್ಗಡೆ ಅವ್ವಂದ್ರು ಎದ್ದು ಚಪ್ಲಿ ಉಡುಕ್ತಿದ್ರು ಮೇಷ್ಟ್ರೇ. ಅವ್ರು ಎದ್ದೋದ್ಮೇಲೆ ನೀವು ಮಾತಾಡಿ ಯಾರ್ಗಾಗ್ಬೇಕು?’

ಆವತ್ತಿನಿಂದ ನಾವು ಸ್ನೇಹಿತರು. ನನ್ನ ಮಾತನ್ನು ನಡುವೆ ನಿಲ್ಲಿಸಿಯೂ ನನಗೆ ಬೇಕಾದವರಾಗಿ ಉಳಿದದ್ದು ಇಡೀ ತಾಲ್ಲೂಕಿನಲ್ಲಿ ಅವರೊಬ್ಬರೇ.

ಅವರ ವಾಸ ಒಂದು ಹಳೆಯ ಕೊಬ್ಬರಿ ಗೋಡೌನಿನಲ್ಲಿ. ಮುಂದೆ ಉದ್ದನೆಯ ಗೋಡೌನು, ಹಿಂದೆ ಒಂದೇ ಕೋಣೆಯ ಮನೆ, ನಡುವೆ ಬಾಗಿಲಿಲ್ಲದ ಬಾಗಿಲು. ಕೊಬ್ಬರಿ ಚೀಲಗಳು ಬೇರೆ ಕಡೆ ಹೋಗಿ ಎಷ್ಟೋ ಕಾಲವಾಗಿದ್ದರೂ ಒಳಗೆ ಕಾಲಿಟ್ಟರೆ ಕೊಬ್ಬರಿಯ ಜಿಡ್ಡುವಾಸನೆ ಮೂಗಿಗೆ ಹತ್ತುತ್ತಿತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕೋಣೆಯಲ್ಲಿ ಒಂದು ಮಂಚ, ಒಂದು ಗ್ಯಾಸ್ ಒಲೆ, ಸ್ಟೂಲಿನ ಮೇಲೆ ದೊಡ್ಡ ಬೆನ್ನಿನ ಹಳೆಯ ಕಾಲದ ಟಿ.ವಿ. ಆ ಟಿ.ವಿ. ಯಾವಾಗಲೂ ಹಾಕಿಯೇ ಇರುತ್ತಿತ್ತು. ಆದರೆ ಅದರ ಸದ್ದನ್ನು ಪೂರ್ತಿ ಇಳಿಸಿರುತ್ತಿದ್ದರು. ಧಾರಾವಾಹಿಯ ಅತ್ತೆ ಸೊಸೆಯರು ಬಾಯಿ ಆಡಿಸುತ್ತಿರುತ್ತಿದ್ದರು, ಕೇಳುವವರಿರಲಿಲ್ಲ.

‘ಸದ್ದಿಲ್ಲದ ಟಿ.ವಿ. ಯಾಕೆ ಅಣ್ಣ?’

‘ದಿನಾ ಸದ್ದೇ ತಾನೆ ಮೇಷ್ಟ್ರೇ ನನ್ನ ಕೆಲ್ಸ. ಮನೇಲೂ ಬ್ಯಾಡ. ಯಾರೋ ಓಡಾಡ್ಕಂಡಿರ್ತಾರೆ, ಇರ್ಲಿ ಬುಡಿ.’

ಡಿ.ಜೆ. ಲಾರಿಗಳು ಬಂದಮೇಲೆ ಅವರನ್ನು ಕರೆಯುವವರು ಕಡಿಮೆಯಾದರು. ಎಂಟು ಹಾರನ್‌ಗಳು ಗೋಡೌನಿನ ಮೂಲೆಯಲ್ಲಿ ಒಂದರೊಳಗೊಂದು ಮುಖ ಇಟ್ಟುಕೊಂಡು ಮಲಗಿದವು. ಆ ದಿನಗಳಲ್ಲಿ ಒಂದು ಬದಲಾವಣೆ ಆಗಿತ್ತು, ನಾನದನ್ನು ಗಮನಿಸಿದರೂ ಅರ್ಥ ಮಾಡಿಕೊಳ್ಳಲಿಲ್ಲ. ಆಗೊಂದು ಈಗೊಂದು ಕೆಲಸ ಬಂದಾಗ ಅವರು ಕೀಗೊಂಚಲನ್ನು ನನಗೆ ಕೊಡುವ ಬದಲು ತಾವೇ ಮೈಕಿನ ಮುಂದೆ ನಿಂತು ಅಲ್ಲಾಡಿಸುತ್ತಿದ್ದರು. ‘ನೀವು ಇಂದಕ್ಕೋಗಿ ಕೇಳ್ಬುಟ್ಟು ಬನ್ನಿ ಮೇಷ್ಟ್ರೇ. ನಂಗೆ ಮಂಡಿ ಹಿಡ್ಕಂಡದೆ’ ಅನ್ನುತ್ತಿದ್ದರು. ಮಂಡಿಯೇ ಇರಬೇಕು ಅಂದುಕೊಂಡೆ.

ಹೀಗಿರುವಾಗ ಆ ನಾಲ್ವರು ಬಂದರು.

ಮೂವರು ಹುಡುಗರು, ಒಬ್ಬಳು ಹುಡುಗಿ, ಎಲ್ಲರೂ ಓದು ಮುಗಿಸಿ ಹಾಸನದಲ್ಲಿ ಸಣ್ಣಪುಟ್ಟ ಕೆಲಸದಲ್ಲಿದ್ದವರು. ಡ್ರಮ್ಸ್ ಬಾರಿಸುವವನು ಅರಕಲಗೂಡಿನವನು. ಹಾಡುವ ಹುಡುಗಿ ಸಿಂಚನ ಹೊಳೆನರಸೀಪುರದವಳು, ಹಾಸನದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ. ಹಾಡು ಬರೆಯುವವಳೂ ಅವಳೇ. ಅವರ ರಾಕ್ ತಂಡದ ಹೆಸರು ‘ಮೂರನೇ ಗೇರು’. ಅವರು ದಿನಾ ಓಡಾಡುತ್ತಿದ್ದ ಬಸ್ಸು ಮೂರನೇ ಗೇರು ಬಿಟ್ಟು ಮೇಲಕ್ಕೆ ಹೋಗುತ್ತಿರಲಿಲ್ಲವಂತೆ. ಹಾಸನದ ಬಾಡಿಗೆ ರೂಮಿನಲ್ಲಿ ಅಭ್ಯಾಸ ಮಾಡಿದರೆ ಓನರು ಬಂದು ಬಾಗಿಲು ಬಡಿಯುತ್ತಿದ್ದರು. ಸೌಂಡಣ್ಣನ ಹತ್ತಿರ ಹಳೆಯ ಒಂದು ಆಂಪ್ಲಿಫೈಯರ್ ಕೇಳಲು ಬಂದವರು ಗೋಡೌನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

‘ಅಣ್ಣ, ಭಾನುವಾರ ಹಗಲು ಹೊತ್ತು ಇಲ್ಲಿ ನುಡಿಸ್ಕೋಬಹುದಾ?’ ಸಿಂಚನ ಕೇಳಿದಳು. ‘ನಮ್ಮ ಮೊದಲನೇ ಆಲ್ಬಂ. ರೆಕಾರ್ಡಿಂಗೂ ಇಲ್ಲೇ ಮಾಡ್ತೀವಿ.’

‘ಇಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಎಗರ್ತದೆ ಕಣವ್ವಾ. ಗೋಣಿಚೀಲ ಕಟ್ಬೇಕು. ಗೋಣಿಚೀಲ ಸದ್ದು ಕುಡೀತದೆ.’

ಮುಂದಿನ ಭಾನುವಾರ ನಾನು ಹೋದಾಗ ನಾಲ್ಕು ಗೋಡೆಗೂ ಖಾಲಿ ಗೋಣಿಚೀಲಗಳು ನೇತಾಡುತ್ತಿದ್ದವು. ಸೌಂಡಣ್ಣ ಏಣಿಯ ಮೇಲಿದ್ದರು. ಮಂಡಿನೋವಿನ ಸುದ್ದಿಯೇ ಇರಲಿಲ್ಲ.

ಆ ಹುಡುಗರ ಸಂಗೀತ ಮೊದಮೊದಲು ನನಗೂ ಸೌಂಡಣ್ಣನಿಗೂ ಗಂಟಲಲ್ಲಿಳಿಯಲಿಲ್ಲ. ಗಿಟಾರು ಕರ್ರೆಂದು ಒದರಿದ ಕೂಡಲೆ ಸೌಂಡಣ್ಣ ಓಡಿಹೋಗಿ ವೈರು ಹಿಡಿದು ನೋಡಿದರು.

‘ಇದ್ಯಾಕ್ಲಾ ಇದ್ರ ಗಂಟ್ಲು ಕಟ್ಟೋಗದೆ?’

‘ಅದು ಹಂಗೇ ಇರ್ಬೇಕು ಅಣ್ಣ. ಬೇಕು ಅಂತ್ಲೇ ಹಂಗೆ ಮಾಡಿರೋದು’ ಎಂದ ಗಿಟಾರಿನ ಹುಡುಗ.

‘ಬೇಕು ಅಂತ್ಲಾ? ಥೂ ನಿನ್ನ! ನನ್ನ ಆಂಪ್ಲಿಫೈಯರ್ ಇಂಗೆ ಗೊರ್ ಅಂದಿದ್ರೆ ಮದ್ವೆ ಮನೆಯೋರು ಊಟ ಇಕ್ದೆ ಓಡ್ಸೋರು.’

ಆದರೆ ನಾಲ್ಕಾರು ವಾರದಲ್ಲಿ ಅದೇ ಮನುಷ್ಯ, ‘ಇನ್ನೊಸಿ ಗಂಟ್ಲು ಕಟ್ಲಿ ಬುಡು, ಆ ಪದಕ್ಕೆ ಒಪ್ತದೆ’ ಅನ್ನುವಷ್ಟಾದರು. ಭಾನುವಾರ ಬಂತೆಂದರೆ ಶೇವ್ ಮಾಡಿಕೊಂಡು ಒಗೆದ ಅಂಗಿ ಹಾಕುತ್ತಿದ್ದರು. ಹುಡುಗರಿಗೆ ಚಿತ್ರಾನ್ನ ಕಲಸುತ್ತಿದ್ದರು, ಅರಕಲಗೂಡಿನವನು ಕಡಲೆಬೀಜವನ್ನೆಲ್ಲ ಆರಿಸಿ ತಿಂದುಬಿಟ್ಟನೆಂದು ಬೈಯುತ್ತಿದ್ದರು. ಒಂದೊಂದು ಹಾಡಿನ ರೆಕಾರ್ಡಿಂಗ್ ಮುಗಿದಾಗಲೂ ಹುಡುಗರು ಅದನ್ನು ಕೇಳಿಸಿ ಅವರ ಮುಖ ನೋಡುತ್ತಿದ್ದರು. ಅವರು ಗೋಡೌನಿನ ತುದಿಗೆ ನಡೆದು ಹೋಗಿ, ಗೋಡೆಗೆ ಬೆನ್ನು ಕೊಟ್ಟು ನಿಂತು, ತಲೆ ಓರೆ ಮಾಡಿ ಪೂರ್ತಿ ಕೇಳುತ್ತಿದ್ದರು. ಆಮೇಲೆ ‘ಪಾಸು’ ಅನ್ನುತ್ತಿದ್ದರು, ಇಲ್ಲವೇ ‘ಇನ್ನೊಂದ್ಸಲ ನುಡ್ಸಿ.’ ಕೊನೆಯ ಹಾಡು ಎಲ್ಲಕ್ಕಿಂತ ಮೆಲುದನಿಯದು. ಅದರಲ್ಲಿ ಡ್ರಮ್ಸ್ ಇಲ್ಲ, ಒಂದು ಗಿಟಾರು, ಸಿಂಚನಳ ದನಿ, ಅಷ್ಟೇ. ಅತಿಥಿಗಳು ಹೊರಟುಹೋದ ಮನೆಯಲ್ಲಿ ಒಬ್ಬರೇ ಲೋಟ ತೊಳೆಯುತ್ತ ನಿಂತವರ ಹಾಡು. ಅದನ್ನು ಅವರು ಒಂದೇ ಸಲಕ್ಕೆ ಪಾಸು ಮಾಡಿದರು.

ಆಲ್ಬಂ ಹೊರಬಂತು. ಹೆಸರು ‘ಕೊಬ್ಬರಿ ಗೋಡೌನ್’. ಅದು ಫೋನಿನಿಂದ ಫೋನಿಗೆ ಹಾರಾಡಿತು. ನನಗೂ ಬಂತು, ಕೇಳಿ ಸಂತೋಷಪಟ್ಟೆ. ಓಡಿಹೋಗಿ ಸೌಂಡಣ್ಣನ ಮುಂದೆ ಫೋನು ಹಿಡಿದರೆ ಅವರು ಕಿವಿ ಮುಚ್ಚಿಕೊಂಡರು!

‘ಬ್ಯಾಡ. ಅದು ಹಿಂಡಿರೋದು. ಫೋನಲ್ಲಿ ಕಳ್ಸೋಕೆ ಅಂತ ಹಿಂಡಿ ಹಿಂಡಿ ಸಣ್ಣಕೆ ಮಾಡಿರ್ತಾರೆ. ಮೇಗಳ ಸಣ್ಣ ಸದ್ದೆಲ್ಲ ಉದುರೋಗಿರ್ತದೆ. ಹಿಂಡ್ದೇ ಇರೋದು ಕೊಡ್ತೀನಿ ಅಂದವ್ಳೆ ಆ ಕೂಸು. ಅದು ಬರ್ಲಿ.’

ಹುಡುಗರ ಬಾಯಲ್ಲಿ ಅದಕ್ಕೆ ಲಾಸ್‌ಲೆಸ್ ಎಂದು ಹೆಸರು. ರೆಕಾರ್ಡ್ ಆದದ್ದರಲ್ಲಿ ಒಂದು ಚೂರೂ ಬಿಡದೆ ಹಾಗೆಯೇ ಉಳಿಸಿಕೊಂಡದ್ದು. ವಾರದಲ್ಲಿ ಸಿಂಚನ ಅದನ್ನು ಪೆನ್‌ಡ್ರೈವಿಗೆ ಹಾಕಿ ಕಳಿಸಿದಳು. ಒಂದು ಮಧ್ಯಾಹ್ನ ಸೌಂಡಣ್ಣ ತಮ್ಮ ಹಳೆಯ ಮರದ ಸ್ಪೀಕರ್ ಪೆಟ್ಟಿಗೆಗಳನ್ನು ಒರೆಸಿ, ಎರಡರ ನಡುವೆ ದೂರ ಅಳೆದು, ನನ್ನನ್ನು ಒಂದು ಮಣೆಯ ಮೇಲೆ ಕೂರಿಸಿದರು. ‘ಅಲ್ಲಾಡ್ಬ್ಯಾಡಿ. ಮಾತಂತೂ ಆಡ್ಲೇಬ್ಯಾಡಿ’ ಎಂದು ತಾಕೀತು ಮಾಡಿದರು.

ಅದೇ ಹಾಡುಗಳೇ. ಆದರೂ ನಾನು ಫೋನಿನಲ್ಲಿ ಕೇಳಿದ್ದು ಕಿಟಕಿಯ ಗಾಜಿನ ಆಚೆಯಿಂದ, ಈಗ ಬಾಗಿಲು ತೆಗೆದ ಹಾಗಾಯಿತು. ಗಿಟಾರಿನ ತಂತಿಯ ಮೇಲೆ ಬೆರಳು ಜಾರುವ ಕೀರಲು. ಡ್ರಮ್ಸ್ ಹುಡುಗ ಬಾರಿಸುವ ಮೊದಲು ಎಳೆದುಕೊಂಡ ಉಸಿರು. ಗಾಳಿಗೆ ಗೋಣಿಚೀಲವೊಂದು ಗೋಡೆಗೆ ತಾಗಿದ್ದು. ‘ಈಗ ಕೇಳಿ, ಪೋಲಿ ನನ್ಮಗ ಕಾಲು ತಿಕ್ತಾನೆ’ ಎಂದರು ಸೌಂಡಣ್ಣ. ನಿಜ, ಚಪ್ಪಲಿಯಿಲ್ಲದ ಕಾಲು ಸಿಮೆಂಟಿನ ಮೇಲೆ ಉಜ್ಜಿತು. ಬರಿಯ ಹಾಡು ಕೇಳಿದ ಹಾಗಿರಲಿಲ್ಲ ಅದು. ಆ ಭಾನುವಾರಗಳೇ ಬಂದು ಎದುರಿಗೆ ಕೂತ ಹಾಗಿತ್ತು. ಕೊನೆಯ ಹಾಡಿಗೆ ಅವರು ಕಣ್ಣು ಮುಚ್ಚಿದರು. ಮುಗಿದಮೇಲೆ ಕಣ್ಣು ತೆರೆದು, ‘ಕಡೇ ಸಾಲಿಗೆ ಮುಟ್ತದೆ’ ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಪ್ರಶಂಸೆಯನ್ನು ನಾನು ಕೇಳಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮುಂದೆ ನನ್ನ ತಪ್ಪೊಂದಿದೆ.

ಇಂಟರ್ನೆಟ್ಟಿನಲ್ಲಿ ಆಲ್ಬಂ ಇಟ್ಟಿದ್ದ ಜಾಗದಲ್ಲಿ ಕೇಳಿದವರು ಅಭಿಪ್ರಾಯ ಬರೆಯುತ್ತಿದ್ದರು. ಸೌಂಡಣ್ಣನಿಗೆ ಸಣ್ಣ ಅಕ್ಷರ ಕಾಣದು, ದಿನಾ ಸಂಜೆ ನಾನು ಹೋಗಿ ಓದಿ ಹೇಳುತ್ತಿದ್ದೆ. ಮೂವತ್ತು ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಓದಿದವನು ನಾನು, ಓದಲು ಶುರು ಮಾಡಿದರೆ ಪೂರ್ಣವಿರಾಮದ ತನಕ ನಿಲ್ಲುವವನಲ್ಲ. ಒಂದು ಸಂಜೆ ನೋಡಿದರೆ ಯಾರೋ ಬರೆದಿದ್ದರು: ‘ಚೆನ್ನಾಗಿದೆ. ಆದರೆ ಲಾಸ್‌ಲೆಸ್‌ನಲ್ಲಿ ಕೊನೆಯ ಹಾಡು ಕೇಳಿ. ಶುರುವಿನಿಂದ ಕೊನೆತನಕ ಹಿಂದೆ ಸಣ್ಣಗೆ ಕುಯ್ ಎನ್ನುತ್ತಿದೆ, ಪಕ್ಕದಲ್ಲಿ ಹಳೆಯ ಕಾಲದ ಟಿ.ವಿ. ಹಾಕಿಟ್ಟ ಹಾಗೆ; ವಾಲ್ಯೂಮ್ ಇಳಿಸಿದರೂ ಅದು ಬಿಡದಲ್ಲ, ಆ ಸದ್ದು. ಇದನ್ನು ಪಾಸು ಮಾಡಿದವರಿಗೆ ಕಿವಿ ಇಲ್ಲವೇ?’

ಪೂರ್ತಿ ಓದಿ ಮುಗಿಸಿ ತಲೆಯೆತ್ತಿದೆ.

ಸೌಂಡಣ್ಣ ನನ್ನ ಕಡೆ ನೋಡುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಬಾಯಿ ಆಡಿಸುತ್ತಿದ್ದ ಟಿ.ವಿ.ಯನ್ನು ನೋಡುತ್ತಿದ್ದರು. ಎದ್ದು ಹೋಗಿ ಅದನ್ನು ಆರಿಸಿದರು. ಅಷ್ಟು ವರ್ಷದಲ್ಲಿ ಆ ಟಿ.ವಿ. ಕಪ್ಪಗಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

‘ನಿಮ್ಗೆ ಕೇಳ್ತಿತ್ತಾ ಮೇಷ್ಟ್ರೇ, ಆ ಕುಯ್?’

‘ಇಲ್ಲ ಅಣ್ಣ. ನನಗೂ ವಯಸ್ಸಾಯ್ತಲ್ಲ.’

‘ನೀವು ಮೇಷ್ಟ್ರು. ನಿಮ್ಗೆ ಕೇಳ್ದಿದ್ರೆ ನಡೀತದೆ.’

ಆಗ ನನಗೆ ಕೀಗೊಂಚಲು, ಮಂಡಿನೋವು ಎಲ್ಲ ಹೊಳೆಯಿತು. ಜನರೇಟರಿನ ಪಕ್ಕ, ಹಾರನ್ನಿನ ಬುಡದಲ್ಲಿ ಒಂದು ಆಯುಷ್ಯ ಕಳೆದ ಕಿವಿ ಅದು. ಮೇಲಿನ ಶ್ರುತಿಯ ಸಣ್ಣ ಸದ್ದು ಅವರಿಗೆ ಕೇಳದಾಗಿ ವರ್ಷಗಳೇ ಆಗಿದ್ದವು. ಅದನ್ನು ಯಾರಿಗೂ ಹೇಳದೆ ನನ್ನನ್ನು ಹಿಂದಕ್ಕೆ ಕಳಿಸಿ ಕೆಲಸ ಸಾಗಿಸಿದ್ದರು. ಆದರೆ ಆ ಭಾನುವಾರಗಳಲ್ಲಿ ಮಾತ್ರ ನನ್ನನ್ನು ಕಳಿಸಲಿಲ್ಲ, ತಮ್ಮ ಕಿವಿಯನ್ನೇ ನಂಬಿದ್ದರು.

ಮರುದಿನದಿಂದ ಗೋಡೌನಿನ ಶಟರು ಅರ್ಧಕ್ಕೆ ಇಳಿಯಿತು. ಹುಡುಗರ ಫೋನು ಎತ್ತಲಿಲ್ಲ. ಬರುವ ತಿಂಗಳು ಹಾಸನದಲ್ಲಿ ಆ ತಂಡ ಇಡೀ ಆಲ್ಬಮ್ಮನ್ನು ಜನರ ಮುಂದೆ ನುಡಿಸುವುದಿತ್ತು, ಮೈಕು ಇವರದೇ ಎಂದು ಮಾತಾಗಿತ್ತು. ಬೇರೆಯವರನ್ನು ನೋಡಿಕೊಳ್ಳಿ ಎಂದು ನನ್ನ ಕೈಲೇ ಹೇಳಿಸಿದರು. ಶಟರಿನ ಕೆಳಗೆ ಬಗ್ಗಿ ಒಳಗೆ ಹೋದರೆ ಮಂಚದ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಟಿ.ವಿ. ಆರಿಯೇ ಇರುತ್ತಿತ್ತು.

‘ಯಾರೋ ಒಬ್ಬ ಬರೆದ ಅಂತ ಹಿಂಗಾ?’ ಎಂದೆ.

‘ಅವ್ನು ನಿಜ ಬರ್ದವ್ನೆ ಮೇಷ್ಟ್ರೇ. ಮದ್ವೆ ಮನೇಲಿ ಕುಯ್ ಅಂದ್ರೆ ನಾಳಿಕ್ಕೆ ಮರೀತಾರೆ. ಇದು ಅಂಗಲ್ಲ. ಆ ಹುಡುಗ್ರು ಎಷ್ಟು ದಿನ ಬದುಕ್ತಾವೋ ಅಷ್ಟು ದಿನಾನೂ ಇರ್ತದೆ. ಅವ್ರ ಮೊದಲ್ನೇ ಕೆಲ್ಸ. ನಾನು ಕೆಡುಸ್ಬುಟ್ಟೆ.’

ನಾನು ಸಿಂಚನಳಿಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ‘ಭಾನುವಾರ ಬರ್ತೀನಿ ಸರ್. ಅಣ್ಣಂಗೆ ಹೇಳ್ಬೇಡಿ, ಎಲ್ಲಾದ್ರೂ ಹೋಗ್ಬಿಡ್ತಾರೆ’ ಎಂದಳು.

ಬಂದಳು, ಒಬ್ಬಳೇ. ಲ್ಯಾಪ್‌ಟಾಪಿನ ಚೀಲವನ್ನು ಎದೆಗವುಚಿಕೊಂಡು ಶಟರಿನ ಕೆಳಗೆ ತೂರಿದಳು. ಸೌಂಡಣ್ಣ ಎದ್ದು ನಿಂತರು. ಕೂತುಕೋ ಎನ್ನಲಿಲ್ಲ.

‘ಅಣ್ಣ, ಆ ಸದ್ದು ಇರೋದು ನಂಗೆ ಮೊದ್ಲಿಂದ್ಲೂ ಗೊತ್ತು.’

‘ಏನಂದೆ?’

‘ಮೊದಲ್ನೇ ಭಾನುವಾರನೇ ಕೇಳಿಸ್ತು. ಸರ್ ಹೊರಟ್ಮೇಲೆ ಟಿ.ವಿ. ಆರಿಸ್ತೀರಾ ಅಂದೆ, ನೆನಪಿದ್ಯಾ? ನೀವು ಆರಿಸಿದ್ರಿ. ಆಮೇಲೆ ನೀವು ಒಳಗೆ ನಿಲ್ಲಲೇ ಇಲ್ಲ. ಹೊರಗೆ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂತ್ಬಿಟ್ರಿ, ನಾವು ಹೊರಡೋವರೆಗೂ. ಚಿತ್ರಾನ್ನ ತಟ್ಟೇಲಿ ಹಂಗೇ ಇತ್ತು. ಮುಂದಿನ ವಾರ ನೀವು ನೀರು ತರಕ್ಕೆ ಹೋದಾಗ ನಾನೇ ಹಾಕ್ದೆ. ಬೇರೆ ಹಾಡಲ್ಲೆಲ್ಲ ಡ್ರಮ್ಸಲ್ಲಿ ಮುಚ್ಚಿಹೋಗತ್ತೆ. ಕೊನೇದ್ರಲ್ಲಿ ಉಳೀತು. ತೆಗೀಬೇಕಿದ್ರೆ ಒಂದು ನಿಮಿಷದ ಕೆಲ್ಸ. ತೆಗೀಲಿಲ್ಲ.’

ಅವಳು ಇಷ್ಟು ಹೇಳಿದಮೇಲೆ ಅವರ ಮುಖ ತಿಳಿಯಾಗುತ್ತದೆ ಎಂದು ನಾನು ಕಾದೆ. ಮುಖ ಕೆಂಪಗಾಯಿತು.

‘ಅಂದ್ರೆ ನಂಗೆ ಕೇಳಕಿಲ್ಲ ಅನ್ನೋದು ನಿಂಗೆ ಆವತ್ತೇ ಗೊತ್ತಿತ್ತು.’

‘ಗೊತ್ತಿತ್ತು ಅಣ್ಣ.’

‘ಗೊತ್ತಿದ್ದೂ ನನ್ನತ್ರ ಪಾಸು ಮಾಡುಸ್ಕಂಡ್ಯಲ್ಲ. ಮುದುಕನ್ನ ಆಟ ಆಡುಸ್ದಂಗೆ. ನಾಕು ಜನಾನೂ ಸೇರ್ಕಂಡು ನಕ್ಕಿರ್ತೀರಿ.’

‘ಬೇರೆ ಯಾರಿಗೂ ಹೇಳಿಲ್ಲ ನಾನು.’ ಅವಳು ಲ್ಯಾಪ್‌ಟಾಪಿನ ಚೀಲವನ್ನು ನೆಲಕ್ಕಿಟ್ಟಳು. ‘ಆ ಸದ್ದು ಹಿಡಿಯಕ್ಕೆ ಕಂಪ್ಯೂಟರ್ ಸಾಕು ಅಣ್ಣ. ನಾನು ನಿಮ್ಮನ್ನ ಕೇಳಿದ್ದು ಅದಕ್ಕಲ್ಲ. ಹಾಡು ಕಡೇ ಸಾಲಿಗೆ ಮುಟ್ಟತ್ತಾ ಅಂತ ಕೇಳಿದ್ದು. ಅದು ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ?’

ಸೌಂಡಣ್ಣ ಮಂಚದ ಮೇಲೆ ಕೂತರು. ಹೊರಗೆ ರಸ್ತೆಯಲ್ಲಿ ಎಳನೀರಿನ ಗಾಡಿಯವನು ಯಾರೊಡನೆಯೋ ಜಗಳವಾಡುತ್ತಿದ್ದ.

‘ಆಕು’ ಎಂದರು ಕೊನೆಗೆ. ‘ಆ ಪದ ಆಕು. ಆ ಕುಯ್ ಎಲ್ಲಿ ಶುರುವಾಯ್ತದೋ ಅಲ್ಲಿ ಬೆರಳೆತ್ತು. ನಿಂತೇಟ್ಗೆ ಇಳ್ಸು. ನಂಗೆ ಕಣ್ಣಾದ್ರೂ ಕಾಣ್ತದೆ.’

ಅವಳು ಲ್ಯಾಪ್‌ಟಾಪನ್ನು ಮರದ ಪೆಟ್ಟಿಗೆಗಳಿಗೆ ಜೋಡಿಸಿದಳು. ಅವರ ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಗುಂಡಿ ಒತ್ತಿದಳು, ಗಿಟಾರು ಇನ್ನೂ ಬಂದಿಲ್ಲ, ಅವಳ ತೋರುಬೆರಳು ಮೇಲೆದ್ದಿತು.

ಹಾಡು ನಡೆಯಿತು. ನಾನು ಕಿವಿಗೊಟ್ಟು ಕೇಳಿದೆ, ಗಿಟಾರು, ದನಿ, ಲೋಟ ತೊಳೆಯುವ ಆ ಮಾತುಗಳು. ಆ ಕುಯ್ ನನಗೆ ಕೇಳಲಿಲ್ಲ. ಸೌಂಡಣ್ಣ ಕೇಳಲು ಯತ್ನಿಸಲೂ ಇಲ್ಲ. ಅವಳ ಬೆರಳನ್ನೇ ನೋಡುತ್ತಿದ್ದರು, ತಮ್ಮ ಟಿ.ವಿ. ನೋಡುತ್ತಿದ್ದ ಹಾಗೆ. ಅರ್ಧ ದಾರಿಯಲ್ಲಿ ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಂಡಳು. ಬೆರಳು ಇಳಿಯಲಿಲ್ಲ. ಹಾಡು ಮುಗಿಯಿತು, ತಂತಿಯ ಕೊನೆಯ ಕಂಪನ ಕರಗಿತು, ಆಮೇಲೂ ಬೆರಳು ನಿಂತೇ ಇತ್ತು. ಮತ್ತೆ ಒಮ್ಮೆಲೇ ಇಳಿಯಿತು.

‘ಪದ ಮುಗಿದ್ಮೇಲೂ ಇತ್ತಲ್ಲ?’

‘ಇತ್ತು ಅಣ್ಣ. ನಾವು ರೆಕಾರ್ಡಿಂಗ್ ನಿಲ್ಸೋವರೆಗೂ ಇತ್ತು.’

ಅವರು ಎದ್ದು ಟಿ.ವಿ.ಯ ಹತ್ತಿರ ಹೋದರು. ಅದರ ನೆತ್ತಿಯ ಮೇಲೆ ಅಂಗೈ ಇಟ್ಟು, ನಮಗೆ ಬೆನ್ನು ಮಾಡಿಯೇ ಮಾತಾಡಿದರು.

‘ಇದು ನನ್ನವ್ಳು ತರುಸ್ಕಂಡಿದ್ದು. ನಾನು ಮೈಕು ಕಟ್ಟಾಕೆ ಓದ್ರೆ ಯಾವತ್ತು ಬತ್ತಿದ್ನೋ ಯಾವತ್ತಿಲ್ವೋ. ಬೀದಿ ಬಾಗ್ಲಿಗೆ ಬಂದೇಟ್ಗೆ ಈ ಕುಯ್ ಕೇಳ್ತಿತ್ತು. ಒಳಗವ್ಳೆ ಅಂತ ಗೊತ್ತಾಗೋದು. ಅವ್ಳೋದ್ಮೇಲೂ ಆಕ್ಕಂಡೇ ಇದ್ದೆ. ಕೇಳೋದು ಯಾವತ್ತು ನಿಂತೋಯ್ತೋ ನಂಗೇ ಗೊತ್ತಿಲ್ಲ ಕಣವ್ವಾ. ಒಂದಿನ ಬಾಗ್ಲಿಗೆ ಬಂದೆ, ಕೇಳ್ಲಿಲ್ಲ. ಟಿ.ವಿ. ಕೆಟ್ಟೋಗದೆ ಅಂದ್ಕಂಡು ಒಳೀಕ್ ಬಂದ್ರೆ, ನೆಟ್ಟಗೇ ಓಡ್ತಾದೆ.’

ಗುಂಡಿ ಒತ್ತಿದರು. ಪರದೆಯ ನಡುವೆ ಒಂದು ಬೆಳಕು ಹುಟ್ಟಿ ನಿಧಾನವಾಗಿ ಹರಡಿತು.

‘ಈಗ?’ ಎಂದರು, ತಿರುಗದೆ.

ಸಿಂಚನ ಬೆರಳೆತ್ತಿದ್ದಳು. ‘ಎತ್ತಿದ್ದಾಳೆ ಅಣ್ಣ’ ಎಂದು ನಾನೇ ಹೇಳಿದೆ.

‘ಇರ್ಲಿ ಬುಡು ಅಂಗಾದ್ರೆ’ ಎಂದು ಅವರು ಟೀಗೆ ನೀರಿಟ್ಟರು.

ಹಾಸನದ ಕಾರ್ಯಕ್ರಮಕ್ಕೆ ಮೈಕು ಅವರದೇ. ಕೀಗೊಂಚಲನ್ನು ಈ ಸಲ ಸಿಂಚನಳ ಕೈಗೆ ಕೊಟ್ಟು, ‘ಸಣ್ಣ ಸದ್ದು ನೀನು ನೋಡ್ಕೊ. ಮಿಕ್ಕಿದ್ದು ನಾನು ನೋಡ್ತೀನಿ’ ಎಂದು ಎಲ್ಲರೆದುರೇ ಹೇಳಿದರು. ಆ ಮಾತು ಅವರಿಗೆ ಎಷ್ಟು ಭಾರವಾಗಿತ್ತು ಎನ್ನುವುದು ನನಗೊಬ್ಬನಿಗೆ ಗೊತ್ತಿತ್ತು. ಬಂದಿದ್ದವರು ನೂರು ಜನವೂ ಇರಲಿಲ್ಲ. ಹಿಂದಿನ ಸಾಲು ಖಾಲಿ. ಅವರು ಆ ಖಾಲಿ ಸಾಲಿನ ತುದಿಯ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದರು. ಕೊನೆಯ ಹಾಡು ಮುಗಿದಾಗ ವೇದಿಕೆಯ ಮೇಲಿಂದ ಹುಡುಗಿ ನೋಡಿದ್ದು ಚಪ್ಪಾಳೆ ಹೊಡೆಯುತ್ತಿದ್ದ ಮುಂದಿನವರನ್ನಲ್ಲ. ಸೌಂಡಣ್ಣ ಕೈ ಮೇಲೆತ್ತಿದರು.

ಮುಂದಿನ ಬೇಸಿಗೆ ಬರುವ ಮೊದಲೇ ಅವರು ಹೋದರು. ಆ ಬೆಳಿಗ್ಗೆ ಹಾಲಿನವನು ಕರೆದಾಗ ಟಿ.ವಿ. ಹಾಕಿಯೇ ಇತ್ತಂತೆ. ಓಡುತ್ತಿದೆ, ಒಳಗಿದ್ದಾರೆ ಎಂದುಕೊಂಡು ಅವನು ಪಾತ್ರೆಗೆ ಹಾಲು ಸುರಿದು ಹೋಗಿದ್ದ. ನಾನು ಹೋಗಿ ನೋಡಿದಾಗ ಮಧ್ಯಾಹ್ನವಾಗಿತ್ತು. ಗೋಡೌನು ಈಗ ಟೈಲ್ಸ್ ಅಂಗಡಿ. ಹಾರನ್‌ಗಳು ಯಾರ ಪಾಲಾದವೋ ತಿಳಿಯದು. ಟಿ.ವಿ.ಯನ್ನು ಹಳೇ ಸಾಮಾನಿನವನು ತಳ್ಳುಗಾಡಿಯಲ್ಲಿ ಒಯ್ದ. ಕೀಗೊಂಚಲು ಸಿಂಚನಳ ಹತ್ತಿರ ಇದೆ, ಅದರ ಒಂದು ಬೀಗವೂ ಈಗ ಎಲ್ಲೂ ಇಲ್ಲ. ಪೆನ್‌ಡ್ರೈವು ನನ್ನ ಹತ್ತಿರ ಇದೆ.

ಮಾತಾಡುವವರಿಲ್ಲದ ಮಧ್ಯಾಹ್ನಗಳು ನನಗೂ ಈಗ ಹೆಚ್ಚು. ನನ್ನ ಹೆಂಡತಿ ಹೋಗಿಯೂ ಎರಡು ವರ್ಷವಾಯಿತು. ಕೆಲವೊಮ್ಮೆ ಹೆಡ್‌ಫೋನ್ ಹಾಕಿಕೊಂಡು ಆ ಆಲ್ಬಮ್ಮನ್ನು ಮೊದಲಿನಿಂದ ಕೇಳುತ್ತೇನೆ, ಹಿಂಡದೇ ಇರುವುದನ್ನು. ಗೋಣಿಚೀಲ ಗೋಡೆಗೆ ತಾಗುತ್ತದೆ. ಅರಕಲಗೂಡಿನ ಹುಡುಗ ಉಸಿರೆಳೆದುಕೊಳ್ಳುತ್ತಾನೆ, ಕಾಲು ಉಜ್ಜುತ್ತಾನೆ. ಕೊನೆಯ ಹಾಡು ಬರುತ್ತದೆ. ನನಗೆ ಆ ಸದ್ದು ಕೇಳುವುದಿಲ್ಲ, ಇನ್ನು ಕೇಳುವುದೂ ಇಲ್ಲ. ಗಿಟಾರು ಶುರುವಾಗುವ ಮೊದಲೇ ಬೆರಳೆತ್ತುತ್ತೇನೆ. ಹಾಡು ಮುಗಿದಮೇಲೂ ಇಳಿಸುವುದಿಲ್ಲ. ಹುಡುಗರು ನಿಲ್ಲಿಸುವವರೆಗೂ ಅದು ಇತ್ತಲ್ಲ.